ಮಿಲಿಟ್ರಿ ಲಾರಿಯ ಹಿಡಿದ ಬ್ರೇಕು

ಕೊಟ್ಟೂರು
12 ಫೆಬ್ರವರಿ 2024

ಪಾಲಾಕ್ಷಪ್ಪ ಅಣ್ಣನವರಿಗೆ ಗಾದೆಮ್ಮ ಮಾಡುವ ನಮಸ್ಕಾರಗಳು.

ನಾನು ಮಿಲಿಟ್ರಿ ಲಾರಿಯ ಓಬಳೇಶ ಅವರ ಹೆಂಡತಿ. ಹರಾಜಿನಲ್ಲಿ ಲಾರಿ ಆರಿಸಿಕೊಟ್ಟು, ಅದರಲ್ಲೇ ಕೂತು ನಮ್ಮ ಮನೆಗೆ ಬಂದು ಊಟ ಮಾಡಿ ಹೋದವರು ನೀವು. ನಿಮಗೆ ನೆನಪಿರಬೇಕು. ಮೊನ್ನೆ ಫೋನ್ ಮಾಡಿದ್ದೆ. ನಿಮ್ಮ ಮನೆಯವರು ಪಂಪಮ್ಮಕ್ಕ ಎತ್ತಿದರು. "ಅವರಿಗೆ ಗಂಟಲು ಆಪರೇಷನ್ ಆಗೇತಿ ತಂಗಿ, ಮಾತು ಹೋಗೇತಿ. ಬರೆದು ಹಾಕು, ಓದಿ ಬರೀತಾರ" ಅಂದರು. ಅದಕ್ಕೆ ಬರೆಯುತ್ತಿದ್ದೇನೆ. ಅಂಗನವಾಡಿ ಕೆಲಸದಿಂದಾಗಿ ಬರೆಯುವುದು ನನಗೆ ರೂಢಿ ಇದೆ.

ನಮ್ಮ ಮನೆಯವರು ಕಾರ್ತಿಕದಲ್ಲಿ ತೀರಿಕೊಂಡರು. ರಸ್ತೆ ಕೆಲಸಕ್ಕೆ ಟ್ಯಾಂಕಿನಲ್ಲಿ ನೀರು ತುಂಬಿಕೊಂಡು ಹೋಗಿದ್ದರು. ಗುಡೇಕೋಟೆ ಕಡೆಯ ಇಳಿಜಾರಿನಲ್ಲಿ ಲಾರಿ ನಿಲ್ಲದೆ ಕೆಳಗಿದ್ದ ಹುಣಸೆಮರಕ್ಕೆ ಹೊಡೆಯಿತು. ಗಾಡಿ ಪರೀಕ್ಷೆ ಮಾಡಿದವರು ಬ್ರೇಕ್ ಹಿಡಿಯುತ್ತದೆ, ಗಾಡಿಯಲ್ಲಿ ದೋಷವಿಲ್ಲ, ಚಾಲಕನ ಅಜಾಗರೂಕತೆ ಎಂದು ಬರೆದಿದ್ದಾರೆ. ಕೆಲವರು ನಿದ್ದೆಗೆಟ್ಟಿದ್ದ ಅಂದರು. ಕೆಲವರು ಕುಡಿದಿದ್ದ ಅಂದರು. ಅವರು ಕುಡಿಯುತ್ತಿರಲಿಲ್ಲ. ಇನ್ನೂ ಕೆಲವರು ಬೇಕೆಂದೇ ಬಿಟ್ಟ ಅನ್ನುತ್ತಾರೆ. ನನ್ನ ಮುಂದೆ ಅನ್ನುವುದಿಲ್ಲ, ನಾನು ಬಂದಾಗ ಸುಮ್ಮನಾಗುತ್ತಾರೆ.

ಲಾರಿಯನ್ನು ಕ್ರೇನಿನವರು ತಂದು ಮನೆಯ ಹಿಂದಿನ ಬಯಲಿನಲ್ಲಿ ಇಳಿಸಿಹೋಗಿದ್ದಾರೆ. ಮೈದುನ ಬೀರಲಿಂಗೇಶ್ ಗುಜರಿಗೆ ಹಾಕೋಣ ಎಂದು ಹೋದ ವಾರ ಟ್ರ್ಯಾಕ್ಟರ್ ಕಟ್ಟಿ ಎಳೆಸಿದ. ಒಂದು ಗಾಲಿಯೂ ತಿರುಗಲಿಲ್ಲ. ನೆಲ ಕೆತ್ತಿಕೊಂಡು ಅಷ್ಟು ದೂರ ಬಂದು ನಿಂತಿತು. "ಬ್ರೇಕ್ ಹಿಡ್ಕೊಂಡಾವ ಅತ್ತಿಗಿ, ನಾಲ್ಕೂ ಹಿಡ್ಕೊಂಡಾವ" ಅಂದ.

ಅಣ್ಣ, ನಾನು ಕೇಳುವುದು ಇದೊಂದೇ. ಟ್ರ್ಯಾಕ್ಟರ್ ಎಳೆದರೂ ಬಿಡದಷ್ಟು ಹಿಡಿದಿರುವ ಬ್ರೇಕು ಅವತ್ತು ಯಾಕೆ ಹಿಡಿಯಲಿಲ್ಲ? ಅವರು ತುಳಿದರೇ, ಇಲ್ಲವೇ? ನಮ್ಮ ಅತ್ತೆ ದುರುಗಮ್ಮನವರೂ ದಿನಾ ಇದನ್ನೇ ಕೇಳುತ್ತಾರೆ. ನನಗೆ ಅಳು ಬಂದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದರೆ ದವಡೆ ಹೇಗಿರುತ್ತದೋ ಮೈಯೆಲ್ಲ ಹಾಗಿದೆ. ಇದಕ್ಕೆ ಉತ್ತರ ಸಿಕ್ಕರೆ ಸಾಕು.

ಇಂತಿ,
ಗಾದೆಮ್ಮ

*

ಹರಪನಹಳ್ಳಿ
25 ಫೆಬ್ರವರಿ 2024

ತಂಗಿ ಗಾದೆಮ್ಮನಿಗೆ ಪಾಲಾಕ್ಷಪ್ಪನ ಆಶೀರ್ವಾದ.

ಓಬಳೇಶನ ಸುದ್ದಿ ನನಗೆ ಆಸ್ಪತ್ರೆಯ ಮಂಚದ ಮೇಲೆ ಮುಟ್ಟಿತು. ಮಣ್ಣಿಗೆ ಬರಲಾಗಲಿಲ್ಲ. ಗಂಟಲಿನಲ್ಲಿ ತೂತು ಇಟ್ಟುಕೊಂಡು ಮೂಕನಾಗಿ ಬಂದು ನಿಂತು ಏನು ಮಾಡಲಿ ಎಂದೂ ಅನ್ನಿಸಿತು. ಈಗ ಪಂಪಮ್ಮನನ್ನು ಕರೆಯಬೇಕಾದರೂ ನಟ್ಟು ಬಿಚ್ಚುವ ಪಾನಾ ತಗೊಂಡು ತಟ್ಟೆ ಬಾರಿಸುತ್ತೇನೆ. "ಮದ್ಲು ಬೈತಿದ್ರಿ, ಈಗ ಬಾರಸ್ತೀರಿ, ಅಷ್ಟs ಫರಕು" ಅನ್ನುತ್ತಾಳೆ. ಮೊಬೈಲಿನಲ್ಲಿ ಬರೆಯೋಣ ಅಂದರೆ ನನ್ನ ಒಂದು ಬೆರಳಿಗೆ ಮೂರು ಅಕ್ಷರ ಒತ್ತಿಹೋಗುತ್ತವೆ. ಕಾಗದವೇ ಇರಲಿ.

ಮಿಲಿಟರಿಯಲ್ಲಿ ಅರ್ಧ ಆಯುಷ್ಯ ಇಂಥ ಲಾರಿಗಳ ಅಡಿಯಲ್ಲೇ ಮಲಗಿದವನು ನಾನು. ಆದರೂ ನೋಡದೆ ಹೇಳುವವನಲ್ಲ. ಬಸ್ಸು ಹತ್ತಲು ಡಾಕ್ಟರು ಬಿಡುತ್ತಿಲ್ಲ. ಅದಕ್ಕೆ ನೀನೇ ನನ್ನ ಕಣ್ಣಾಗಬೇಕು.

ಬ್ರೇಕು ಎರಡು ಕಾರಣಕ್ಕೆ ಹಿಡಿದುಕೊಳ್ಳುತ್ತದೆ. ಒಂದು ತುಕ್ಕು. ನಿಂತ ಗಾಡಿಗೆ ಅದು ಸಹಜ. ಇನ್ನೊಂದು, ಪೆಡಲ್ ತುಳಿದಾಗ ಗಾಲಿಗೆ ಹೋದ ಎಣ್ಣೆ ಕಾಲು ತೆಗೆದ ಮೇಲೆ ಹಿಂದಕ್ಕೆ ಬರದೆ ಅಲ್ಲೇ ಸಿಕ್ಕಿಕೊಳ್ಳುವುದು. ಯಾವುದು ಎಂದು ಮೊದಲು ತಿಳಿಯಬೇಕು. ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಒಂದೊಂದೇ ಗಾಲಿಯನ್ನು ಜಾಕ್ ಹಾಕಿ ಎತ್ತಿಸು. ಅಡಿಗೆ ಮರದ ದಿಮ್ಮಿ ಇಡದೆ ಯಾರೂ ಕೆಳಗೆ ಹೋಗಕೂಡದು. ಗಾಲಿಯ ಒಳಮಗ್ಗುಲಲ್ಲಿ ಬ್ರೇಕ್ ಪೈಪು ಬಂದು ಸೇರುವ ಕಡೆ ಒಂದು ಸಣ್ಣ ನಿಪ್ಪಲ್ ಇರುತ್ತದೆ. ಅದನ್ನು ಪಾನಾದಿಂದ ಅರ್ಧ ಸುತ್ತು ಸಡಿಲಿಸು. ಎಣ್ಣೆ ಚಿಮ್ಮಿ ಗಾಲಿ ಬಿಟ್ಟುಕೊಂಡರೆ ಎಣ್ಣೆ ಸಿಕ್ಕಿಕೊಂಡಿದೆ ಎಂದರ್ಥ. ಬಿಡದಿದ್ದರೆ ತುಕ್ಕು.

ಕಂಡದ್ದನ್ನು ಬರಿ. ಅಂದುಕೊಂಡದ್ದನ್ನು ಬರೆಯಬೇಡ.

ನಿನ್ನ ಅಣ್ಣ,
ಪಾಲಾಕ್ಷಪ್ಪ

*

ಕೊಟ್ಟೂರು
14 ಮಾರ್ಚ್ 2024

ಅಣ್ಣನವರಿಗೆ ನಮಸ್ಕಾರಗಳು.

ಕಂಡದ್ದನ್ನು ಬರೆಯುತ್ತಿದ್ದೇನೆ.

ಬೀರಲಿಂಗೇಶ್ ಜಾಕ್ ಹಾಕಿದ. ಕ್ರೇನಿನವರು ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ಉದ್ದನೆಯ ಶಾಫ್ಟನ್ನು ಅವತ್ತೇ ಕಳಚಿ ಟ್ಯಾಂಕಿಗೆ ಕಟ್ಟಿದ್ದಾರೆ, ಹಾಗಾಗಿ ಗಾಲಿಗೂ ಗೇರಿಗೂ ಈಗ ಸಂಬಂಧವಿಲ್ಲ ಅಂದ. ನಿಪ್ಪಲ್ ನಾನೇ ಬಿಚ್ಚಿದೆ. ಅಣ್ಣನ ಲಾರಿಗೆ ಪಾನಾ ಹಾಕಲು ಅವನು ಒಲ್ಲೆ ಅಂದ. ಮೊದಲು ಮುಂದಿನ ಎಡಗಾಲಿ. ಎಣ್ಣೆ ಚಿಮ್ಮಿ ನನ್ನ ಮೊಣಕೈಗೆ ಸಿಡಿಯಿತು. ಬೀರಲಿಂಗೇಶ್ ಗಾಲಿ ದೂಡಿದ. ತಿರುಗಿತು. ಉಳಿದ ಮೂರರಲ್ಲೂ ಹಾಗೇ ಆಯಿತು. ಎಣ್ಣೆ ಚಿಮ್ಮಿತು, ಗಾಲಿ ತಿರುಗಿತು.

ಒಂದು ಗಾಲಿಯ ಡ್ರಮ್ ಬಿಚ್ಚಿಸಿದೆವು. ಕಬ್ಬಿಣ ನೀಲಿ ಬಣ್ಣಕ್ಕೆ ತಿರುಗಿದೆ. ಡ್ರಮ್ಮಿಗೆ ಒತ್ತಿ ಗಾಲಿ ಹಿಡಿಯುವ ಲೈನರ್ ಕರ್ರಗಾಗಿ ಗಾಜಿನ ಹಾಗೆ ಮಿಂಚುತ್ತದೆ. ಸುಟ್ಟ ವಾಸನೆ ಇನ್ನೂ ಇದೆ.

ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಗಾಲಿ ತಿರುಗಿದ ಕೂಡಲೆ ಎದ್ದು ಬಂದರು.

"ಏನಂತೈತಿ? ತುಳಿದಾನಂತಾ?"

"ಇನ್ನಾ ಗೊತ್ತಾಗಿಲ್ರಿ ಅತ್ತೀ."

"ಗಾಲಿ ತಿರುಗಿದ್ರೂ ಗೊತ್ತಾಗಲ್ಲೇನು?" ಎಂದು ಹೋಗಿ ಮತ್ತೆ ಅಲ್ಲೇ ಕೂತರು.

ಅಂದುಕೊಂಡದ್ದನ್ನು ಬರೆಯಬೇಡ ಅಂದಿದ್ದೀರಿ. ಆದರೂ ಒಂದು ಬರೆಯುತ್ತೇನೆ, ಬೈಯಬೇಡಿ. ಆಗ ನಾವಿಬ್ಬರೂ ಮಾತು ಬಿಟ್ಟಿದ್ದೆವು. ದಸರೆಯ ಮುಂಚಿನಿಂದಲೇ. ಲಾರಿ ಮಾರಿ ಎಲ್ಲಾದರೂ ಸಂಬಳದ ಡ್ರೈವರ್ ಆಗಿ ಎಂದು ನಾನು ಹಟ ಹಿಡಿದಿದ್ದೆ. ನನ್ನ ಅಣ್ಣತಮ್ಮಂದಿರೆಲ್ಲ ನೌಕರಿಯಲ್ಲಿದ್ದಾರೆ, ತಿಂಗಳಾದರೆ ಬರುತ್ತದೆ, ನೀವು ಈ ಹಳೆ ಕಬ್ಬಿಣದ ಹಿಂದೆ ಬಿದ್ದಿದ್ದೀರಿ ಅಂದಿದ್ದೆ. ಅವರು ಜಗಳ ಆಡಲಿಲ್ಲ. ಸುಮ್ಮನಾದರು. ಬೇಕಾದ್ದನ್ನು ಅತ್ತೆಯ ಕೈಲೋ ತಮ್ಮನ ಕೈಲೋ ಹೇಳಿಸುತ್ತಿದ್ದರು. ಅವತ್ತು ಬೆಳಿಗ್ಗೆ ರೊಟ್ಟಿ ಕಟ್ಟಿ ಹೊಸಿಲ ಮೇಲಿಟ್ಟೆ. ಬಿಟ್ಟು ಹೋದರು. ಮರೆತರೋ ಬೇಡವಾಯಿತೋ ತಿಳಿಯದು. ಬೇಕೆಂದೇ ಬಿಟ್ಟ ಎಂದು ಜನ ಅನ್ನುವಾಗ ನನಗೆ ಆ ಬುತ್ತಿ ಕಣ್ಣಿಗೆ ಕಟ್ಟುತ್ತದೆ. ಮನೆಗೆ ಬರುವ ಮನಸ್ಸೇ ಇರಲಿಲ್ಲವೇನೋ ಎಂದು ಹೆದರಿಕೆ. ಇದನ್ನು ಯಾರಿಗೂ ಹೇಳಿಲ್ಲ.

ಇಂತಿ,
ಗಾದೆಮ್ಮ

*

ಹರಪನಹಳ್ಳಿ
28 ಮಾರ್ಚ್ 2024

ತಂಗಿ ಗಾದೆಮ್ಮನಿಗೆ,

ಬೈಯುವುದಿಲ್ಲ. ಬೈಯಲು ಗಂಟಲೂ ಇಲ್ಲ. ನಿನ್ನ ಕೆಲಸ ನೋಡಿದರೆ ನನ್ನ ಕೈಕೆಳಗಿದ್ದ ಹುಡುಗರಿಗಿಂತ ವಾಸಿ. ಅವರು ಡ್ರಮ್ಮಿನ ಬಣ್ಣ ಯಾವತ್ತೂ ಬರೆದವರಲ್ಲ.

ತುಕ್ಕಲ್ಲ. ತುಕ್ಕಾಗಿದ್ದರೆ ನಿಪ್ಪಲ್ ಬಿಚ್ಚಿದ ಮಾತ್ರಕ್ಕೆ ಬಿಡುತ್ತಿರಲಿಲ್ಲ. ಎಣ್ಣೆಯೇ ಸಿಕ್ಕಿಕೊಂಡಿದೆ, ಅದೂ ನಾಲ್ಕು ಗಾಲಿಯಲ್ಲಿ ಒಟ್ಟಿಗೆ. ಒಂದು ಪೈಪು ಕೆಟ್ಟರೆ ಒಂದು ಗಾಲಿ ಹಿಡಿಯುತ್ತದೆ. ನಾಲ್ಕೂ ಹಿಡಿದರೆ ದೋಷ ಇರುವುದು ನಾಲ್ಕೂ ಪೈಪಿಗೆ ಎಣ್ಣೆ ಹಂಚುವ ಮಾಸ್ಟರ್ ಸಿಲಿಂಡರಿನಲ್ಲಿ.

ನಿನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಅವತ್ತು ಲಾರಿ ಕೊಟ್ಟೂರಿನಿಂದ ಹೊರಟಾಗಲೇ ಬ್ರೇಕು ಅಷ್ಟಿಷ್ಟು ಹಿಡಿದುಕೊಂಡಿತ್ತು. ಹಿಡಿದುಕೊಂಡೇ ಅಷ್ಟು ದೂರ ಓಡಿತು. ಡ್ರಮ್ ಕಾದು ನೀಲಿಯಾಯಿತು, ಲೈನರ್ ಸುಟ್ಟು ಗಾಜಾಯಿತು. ಅಷ್ಟು ಕಾದ ಬ್ರೇಕನ್ನು ಎರಡೂ ಕಾಲಿಟ್ಟು ತುಳಿದರೂ ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ತಣ್ಣಗಾದ ಮೇಲೆ ಮತ್ತೆ ಕಚ್ಚುತ್ತದೆ. ಪರೀಕ್ಷೆಗೆ ಬಂದವರು ನೋಡಿದ್ದು ತಣ್ಣಗಾದ ಬ್ರೇಕು. ಅವರು ಕಂಡದ್ದನ್ನೇ ಬರೆದಿದ್ದಾರೆ.

ಎರಡನೆಯ ಪ್ರಶ್ನೆ, ತುಳಿದನೋ ಇಲ್ಲವೋ. ಇದಕ್ಕೆ ಬ್ರೇಕು ಸಾಕ್ಷಿ ಹೇಳುವುದಿಲ್ಲ. ಶಾಫ್ಟ್ ಕಳಚಿದ್ದರೆ ಕ್ರೇನಿನವರು ಗೇರಿಗೆ ಕೈ ಹಾಕಿರಲಿಕ್ಕಿಲ್ಲ. ಕ್ಯಾಬಿನ್ ಹತ್ತಿ ಗೇರು ಎಷ್ಟರಲ್ಲಿ ನಿಂತಿದೆ ನೋಡಿ ಬರಿ. ಆಮೇಲೆ ಬೀರಲಿಂಗೇಶನ ಕೈಲಿ ಮಾಸ್ಟರ್ ಸಿಲಿಂಡರ್ ಬಿಚ್ಚಿಸಿ, ಒಳಗಿನ ರಬ್ಬರ್ ವಾಷರುಗಳನ್ನು ತೊಳೆಯದೆ ಡಬ್ಬಿಯಲ್ಲಿ ಹಾಕಿ ಕಳಿಸು. ಒಂದಿಷ್ಟು ಎಣ್ಣೆಯನ್ನೂ ಸಣ್ಣ ಬಾಟಲಿಗೆ ಹಾಕು. ಬ್ರೇಕಿಗೆ ಕೊನೆಯ ಸಲ ಎಣ್ಣೆ ಹಾಕಿದ್ದು ಯಾವಾಗ, ಯಾರು, ಯಾವ ಎಣ್ಣೆ, ತಿಳಿದರೆ ಅದನ್ನೂ ಬರಿ.

ಬುತ್ತಿಯ ವಿಷಯ. ನಾನು ಪಂಪಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಎಷ್ಟು ಸಲ ಮರೆತಿದ್ದೇನೋ ಲೆಕ್ಕವಿಲ್ಲ. ಅದರಿಂದ ಏನನ್ನೂ ತಿಳಿಯಬೇಡ.

ನಿನ್ನ ಅಣ್ಣ,
ಪಾಲಾಕ್ಷಪ್ಪ

*

ಕೊಟ್ಟೂರು
20 ಏಪ್ರಿಲ್ 2024

ಅಣ್ಣನವರಿಗೆ ನಮಸ್ಕಾರಗಳು.

ಗೇರು ಎರಡನೆಯದರಲ್ಲಿ ನಿಂತಿದೆ. ಬೀರಲಿಂಗೇಶನೂ ನೋಡಿದ. ಅಲುಗಾಡಿಸಿದರೂ ಬರುವುದಿಲ್ಲ, ಕಚ್ಚಿಕೊಂಡಿದೆ. ಇದರ ಅರ್ಥ ನನಗೆ ತಿಳಿಯಲಿಲ್ಲ.

ರಬ್ಬರುಗಳನ್ನೂ ಎಣ್ಣೆಯನ್ನೂ ಪಾರ್ಸೆಲ್ ಮಾಡಿದ್ದೇನೆ. ರಬ್ಬರು ಒತ್ತಿದರೆ ಮೆತ್ತಗಿವೆ. ಸಿಲಿಂಡರಿನಿಂದ ಸುಲಭಕ್ಕೆ ಬರಲಿಲ್ಲ, ಕಡ್ಡಿ ಹಾಕಿ ಕಿತ್ತೆವು. ಸಾಯುವ ಹಿಂದಿನ ವಾರ ಅವರು ತಮ್ಮನ ಹತ್ತಿರ "ಗಾಡಿ ಎಳಿಯಾಕ ಒಲ್ಲದು, ವಯಸ್ಸಾತು ಇದಕ್ಕ" ಅಂದಿದ್ದರಂತೆ.

ಕೊನೆಯ ಸಲ ಎಣ್ಣೆ ಹಾಕಿದ್ದು ಆಯುಧಪೂಜೆಯ ದಿನ. ಹಾಕಿದ್ದು ನಾನೇ. ನಮ್ಮಲ್ಲಿ ಅದೊಂದು ಪದ್ಧತಿ. ಲಾರಿ ಬಂದ ಮೊದಲ ವರ್ಷ ಅವರು "ಮಿಲಿಟ್ರಿಯಿಂದ ಬಂದ ಹೆಣ್ಮಗಳಿದು, ತವರುಮನಿ ಇಲ್ಲ, ನೀನs ಉಡಿ ತುಂಬು" ಎಂದು ನಗಿಸಿದ್ದರು. ಅವತ್ತಿನಿಂದ ಪ್ರತಿವರ್ಷ ಪೂಜೆ ಮುಗಿದ ಮೇಲೆ ಬಾನೆಟ್ಟಿಗೆ ಅರಿಶಿಣ ಕುಂಕುಮ ಹಚ್ಚಿ, ಖಣ ಇಟ್ಟು, ಗಾಡಿಯ ಒಂದೊಂದು ಬಾಯಿಗೂ ನಾನು ನನ್ನ ಕೈಯಾರೆ ಒಂದೊಂದು ಬಟ್ಟಲು ತುಂಬುತ್ತಿದ್ದೆ. ರೇಡಿಯೇಟರಿಗೆ ನೀರು, ಎಂಜಿನ್ನಿಗೆ ಆಯಿಲ್, ಬ್ರೇಕಿಗೆ ಬ್ರೇಕಿನದು. ಅವರು ಪಕ್ಕದಲ್ಲಿ ನಿಂತು ಇದಕ್ಕಿದು, ಅದಕ್ಕದು ಎಂದು ತೋರಿಸುತ್ತಿದ್ದರು. ವರ್ಷದಲ್ಲಿ ಅವರು ನನ್ನನ್ನು ಎಲ್ಲರೆದುರು ಹೆಸರು ಹಿಡಿದು ಕರೆಯುತ್ತಿದ್ದುದು ಅದೊಂದೇ ದಿನ.

ಹೋದ ವರ್ಷ ಮಾತು ಬಿಟ್ಟಿದ್ದೆವಲ್ಲ, ಪೂಜೆ ಮುಗಿಸಿ ಅವರು ಬೀದಿಗೆ ಹೋಗಿ ನಿಂತರು. ಪದ್ಧತಿ ತಪ್ಪಬಾರದು ಎಂದು ನಾನೊಬ್ಬಳೇ ಉಡಿ ತುಂಬಿದೆ. ಗೋಡೆಯ ಗೂಡಿನಲ್ಲಿ ಬಾಟಲಿಗಳು ಇದ್ದವು. ನೋಡಿಕೊಂಡೇ ಹಾಕಿದೆ. ಬ್ರೇಕಿನ ಎಣ್ಣೆ ತಿಳಿಯಾಗಿ, ತುಸು ಹಳದಿಯಾಗಿ ಇರುತ್ತದೆ ಎಂದು ಗೊತ್ತಿತ್ತು, ಅದನ್ನೇ ಹಾಕಿದೆ. ಬೇಕಾದರೆ ಆ ಬಾಟಲಿಯೂ ಅಲ್ಲೇ ಇದೆ.

ಇಂತಿ,
ಗಾದೆಮ್ಮ

*

ಕೊಟ್ಟೂರು
3 ಜೂನ್ 2024

ಅಣ್ಣನವರಿಗೆ ನಮಸ್ಕಾರಗಳು.

ಪಾರ್ಸೆಲ್ ಮುಟ್ಟಿದೆ ಎಂದು ಅಂಚೆಯವರು ಹೇಳುತ್ತಾರೆ. ಪಂಪಮ್ಮಕ್ಕನಿಗೆ ಫೋನ್ ಮಾಡಿದೆ. ನೀವು ಆರಾಮ ಇದ್ದೀರಿ ಅಂದರು. ಯಾಕೆ ಬರೆದಿಲ್ಲ ಎಂದು ಕೇಳಿದರೆ "ಬರೀತಾರ ತಂಗಿ, ಬರೀತಾರ" ಎಂದು ಇಟ್ಟುಬಿಟ್ಟರು.

ಅಂಗನವಾಡಿ ಮಕ್ಕಳಿಗೆ ಹೊಸ ವರ್ಷದ ದಾಖಲಾತಿ ನಡೆದಿದೆ. ಇಲ್ಲಿ ಒಂದು ಮಳೆ ಆಯಿತು. ಲಾರಿಯ ಕೆಳಗೆ ನೆರಳಿರುವ ಕಡೆ ಮಾತ್ರ ನೆಲ ಒಣಗಿದೆ.

ಏನಿದ್ದರೂ ಬರೆಯಿರಿ.

ಇಂತಿ,
ಗಾದೆಮ್ಮ

*

ಹರಪನಹಳ್ಳಿ
18 ಜೂನ್ 2024

ತಂಗಿ ಗಾದೆಮ್ಮ,

ತಡವಾಯಿತು. ಬರೆದು ಬರೆದು ಹರಿದೆ. ಒಂದು ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿಯೂ ಬಿಟ್ಟಿದ್ದೆ. ಅದರಲ್ಲಿ ರಬ್ಬರು ಹಳೆಯದಾಗಿ ಕೆಟ್ಟಿದೆ ಎಂದಷ್ಟೇ ಇತ್ತು. "ಅದನ್ನs ಹಾಕ್ರಿ, ಒಂದು ಸುಳ್ಳಿಗೆ ಏನಾಗ್ತೈತಿ, ಆಕಿ ಬದುಕಬೇಕಲ್ಲ" ಎಂದು ಪಂಪಮ್ಮ ಬಹಳ ಹೇಳಿದಳು. ಅಂಚೆ ಡಬ್ಬಿಯ ತನಕ ಹೋಗಿ ವಾಪಸು ಬಂದೆ. ನೀನು ನನಗೆ ಒಂದು ಸುಳ್ಳನ್ನೂ ಬರೆದಿಲ್ಲ. ಬುತ್ತಿಯ ಮಾತನ್ನೂ ಬಚ್ಚಿಡಲಿಲ್ಲ.

ಮೊದಲು ಗೇರಿನ ವಿಷಯ. ಇದನ್ನು ಎರಡು ಸಲ ಓದು. ತುಂಬಿದ ಟ್ಯಾಂಕಿನ ಲಾರಿ ಆ ದಾರಿಯಲ್ಲಿ ನಾಲ್ಕರಲ್ಲಿ ಓಡುತ್ತದೆ. ಎರಡಕ್ಕೆ ತಾನಾಗಿ ಬರುವುದಿಲ್ಲ. ಈ ಹಳೆ ಮಿಲಿಟರಿ ಗೇರಿಗೆ ಕ್ಲಚ್ ಒಂದು ಸಲ ಒತ್ತಿದರೆ ಸಾಲದು. ಒತ್ತಿ, ಬಿಟ್ಟು, ಎಂಜಿನ್ ಏರಿಸಿ, ಮತ್ತೆ ಒತ್ತಿ, ಒಂದು ಗೇರು ಇಳಿಸಬೇಕು. ನಾಲ್ಕರಿಂದ ಮೂರು, ಮೂರರಿಂದ ಎರಡು. ಇಳಿಜಾರಿನಲ್ಲಿ, ಬ್ರೇಕಿಲ್ಲದೆ ನುಗ್ಗುವ ಗಾಡಿಯಲ್ಲಿ ಅದನ್ನು ಮಾಡುವುದೆಂದರೆ ನನ್ನಂಥವನಿಗೂ ಬೆವರು ಇಳಿಯುತ್ತದೆ. ಓಬಳೇಶ ಎರಡು ಸಲ ಮಾಡಿದ್ದಾನೆ. ಬ್ರೇಕ್ ತುಳಿದು, ಅದು ಹಿಡಿಯದೆ, ಎಂಜಿನ್ನಿನಿಂದಲಾದರೂ ನಿಲ್ಲಿಸಲು ನೋಡಿದ್ದಾನೆ. ಸಾಯಬೇಕು ಅಂದುಕೊಂಡವನು ಸ್ಟೇರಿಂಗ್ ಬಿಟ್ಟು ಕೂರುತ್ತಾನೆ, ಗೇರು ಇಳಿಸುವುದಿಲ್ಲ. ಅವನು ಮನೆಗೆ ಬರಲು ನೋಡಿದ, ತಂಗಿ. ಕೊನೆಯ ತನಕ ನೋಡಿದ. ಇದಕ್ಕೆ ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಕೈ ಎತ್ತುತ್ತೇನೆ.

ಈಗ ಇನ್ನೊಂದು. ನೀನು ಕಳಿಸಿದ ಎಣ್ಣೆಯನ್ನು ಒಂದು ಲೋಟ ನೀರಿಗೆ ಹಾಕಿದೆ. ಬ್ರೇಕಿನ ಎಣ್ಣೆ ನೀರಿನಲ್ಲಿ ಕರಗುತ್ತದೆ. ಇದರಲ್ಲಿ ಒಂದು ಪಾಲು ಕರಗಿತು, ಒಂದು ಪಾಲು ಮೇಲೆ ತೇಲಿತು. ತೇಲಿದ್ದು ಜಾಕಿಗೆ ಹಾಕುವ ಎಣ್ಣೆ. ನೋಡಲು ಎರಡೂ ಒಂದೇ ಥರ, ತಿಳಿಯಾಗಿ ತುಸು ಹಳದಿ. ಬ್ರೇಕಿನ ರಬ್ಬರಿಗೆ ಅದು ವಿಷ. ಕುಡಿದು ಕುಡಿದು ಉಬ್ಬುತ್ತದೆ. ಉಬ್ಬಿದ ರಬ್ಬರು ಎಣ್ಣೆ ವಾಪಸು ಬರುವ ತೂತನ್ನು ಮುಚ್ಚಿಬಿಡುತ್ತದೆ. ಮುಂದಿನದೆಲ್ಲ ಹಿಂದಿನ ಪತ್ರದಲ್ಲಿ ಬರೆದಿದ್ದೇನೆ. ಆಯುಧಪೂಜೆಯಿಂದ ಕಾರ್ತಿಕದ ತನಕ ಅಷ್ಟು ಉಬ್ಬಲು ಸಮಯ ಸಾಕು.

ಬರೆದುಬಿಟ್ಟೆ. ಎರಡು ಥರದ ಎಣ್ಣೆಯನ್ನು ಹೆಸರಿಲ್ಲದ ಬಾಟಲಿಗಳಲ್ಲಿ ಒಂದೇ ಗೂಡಿನಲ್ಲಿಡುವುದು ನಮ್ಮ ಕಸುಬಿನವರ ಕೆಟ್ಟ ಚಾಳಿ. ಆ ಚಾಳಿಯನ್ನು ಅವನಿಗೆ ಬಿಡಿಸದೆ ಬಿಟ್ಟವರಲ್ಲಿ ನಾನೂ ಒಬ್ಬ. ನೀನು ಉಡಿ ತುಂಬಿದ್ದೆ, ಅಷ್ಟೇ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ನಿನ್ನ ಅಣ್ಣ,
ಪಾಲಾಕ್ಷಪ್ಪ

*

ಹರಪನಹಳ್ಳಿ
30 ಜುಲೈ 2024

ತಂಗಿ ಗಾದೆಮ್ಮ,

ಒಂದು ಸಾಲು ಬರಿ. ಬೈದಾದರೂ ಬರಿ. ಪಂಪಮ್ಮನ ಫೋನನ್ನು ನೀನು ಎತ್ತುತ್ತಿಲ್ಲ. ಬೀರಲಿಂಗೇಶ್ ಎತ್ತಿ "ಕೆಲಸಕ್ಕ ಹೊಕ್ಕಾಳ, ಬರ್ತಾಳ, ಮಾತಾಡಲ್ಲ" ಅಂದನಂತೆ.

ಪಾಲಾಕ್ಷಪ್ಪ

*

ಕೊಟ್ಟೂರು
2 ಸೆಪ್ಟೆಂಬರ್ 2024

ಅಣ್ಣನವರಿಗೆ ಗಾದೆಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಮೇಲೆ ಸಿಟ್ಟಿಲ್ಲ. ಕೇಳಿದವಳು ನಾನು. ನಿಮ್ಮ ಪತ್ರ ಓದಿ ಮಡಚಿ ಅಂಗನವಾಡಿಗೆ ಹೋದೆ. ಮಕ್ಕಳಿಗೆ ಊಟ ಬಡಿಸಿದೆ, ತೂಕ ಮಾಡಿದೆ. ಮರುದಿನವೂ ಹೋದೆ. ಜುಲೈ ಹೋದದ್ದು ತಿಳಿಯಲಿಲ್ಲ. ಒಂದೊಂದು ಸಲ ನನ್ನ ಕೈಯನ್ನು ನೋಡಿಕೊಳ್ಳುತ್ತಿದ್ದೆ. ಏನೂ ಅನ್ನಿಸುತ್ತಿರಲಿಲ್ಲ. ಬೇರೆ ಯಾರದೋ ಕೈ ಇದ್ದ ಹಾಗೆ ಇತ್ತು.

ಅತ್ತೆ ಕೇಳುವುದನ್ನು ಬಿಟ್ಟಿರಲಿಲ್ಲ. ಅರ್ಧ ಹೇಳಿ ಅರ್ಧ ನುಂಗೋಣ ಎಂದು ಬಹಳ ದಿನ ನೋಡಿದೆ. ನೀವು ಅಂಚೆ ಡಬ್ಬಿಯಿಂದ ವಾಪಸು ಬಂದಿರಲ್ಲ, ನನ್ನಿಂದಲೂ ಆಗಲಿಲ್ಲ. ಮೊನ್ನೆ ಸಂಜೆ ಅವರು ಜೋಳ ಹಸನು ಮಾಡುತ್ತ ಕೂತಿದ್ದರು. ಎದುರಿಗೆ ಹೋಗಿ ಕೂತೆ.

"ತುಳಿದಾರ್ರಿ ಅತ್ತೀ. ಬ್ರೇಕ್ ತುಳಿದಾರ. ಗೇರೂ ಇಳಿಸ್ಯಾರ. ಮನಿಗೆ ಬರಾಕ ನೋಡ್ಯಾರ."

ಅತ್ತೆಯ ಕೈ ಮೊರದಲ್ಲೇ ನಿಂತಿತು. "ನಂಗೊತ್ತಿತ್ತು" ಅಂದರು. ಮೊರ ಒಮ್ಮೆ ಕೊಡವಿ, "ಮತ್ತ ಗಾಡಿ ಯಾಕ ನಿಲ್ಲಲಿಲ್ಲ?" ಅಂದರು.

ಹೇಳಿದೆ. ಆಯುಧಪೂಜೆಯ ದಿನ ನಾನು ತುಂಬಿದ ಎಣ್ಣೆ ಬ್ರೇಕಿನದಲ್ಲ, ಜಾಕಿನದು, ಅದರಿಂದಲೇ ಹೀಗಾಯಿತು ಎಂದು ಒಂದೂ ಬಿಡದೆ ಹೇಳಿದೆ. ಹೊರಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಹಾಕಲಿ ಎಂದೂ ಇತ್ತು.

ಅವರು ಬಹಳ ಹೊತ್ತು ಜೋಳದಲ್ಲಿ ಕಲ್ಲು ಆರಿಸಿದರು. ಆಮೇಲೆ ತಲೆ ಎತ್ತಿ ಅಂದರು. "ಆ ಬಾಟ್ಲಿ ನಿನ್ನ ಕೈಯಾಗ ಕೊಟ್ಟಾಕಿ ನಾನು. ನೆನಪಿಲ್ಲೇನು? ನೀ ಬ್ಯಾರೆ ಬಾಟ್ಲಿ ಹಿಡ್ಕೊಂಡಿದ್ದಿ. ಅದಲ್ಲವ್ವಾ, ಇದು ಅಂತ ನಾನs ಗೂಡಿನಾಗಿಂದು ತೆಗೆದು ಕೊಟ್ಟೆ. ನನ್ನ ಮಾತು ಕೇಳಿ ನೀ ಹಾಕಿದಿ. ನಿಂದೇನೈತಿ ಅದರಾಗ?"

ಅಣ್ಣ, ಆ ದಿನ ಅತ್ತೆ ಊರಿನಲ್ಲೇ ಇರಲಿಲ್ಲ. ಹೊಳಲಿಗೆ ಮಗಳ ಬಾಣಂತನಕ್ಕೆ ಹೋದವರು ದಸರೆ ಕಳೆದು ಎಷ್ಟೋ ದಿನಕ್ಕೆ ಬಂದರು.

ಅದನ್ನು ಹೇಳಲು ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು. ಹೆತ್ತ ಮಗನನ್ನು ಕಳೆದುಕೊಂಡವರು.

"ಹೌದ್ರಿ ಅತ್ತೀ, ನೀವs ಕೊಟ್ಟಿದ್ರಿ" ಅಂದೆ.

"ಹಾಂ ಮತ್ತ" ಅಂದು ಮೊರ ಕೆಳಗಿಟ್ಟು ಎದ್ದು ಒಲೆ ಹೊತ್ತಿಸಿದರು. ಅಳು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ರೊಟ್ಟಿ ಸುಡುವ ವಾಸನೆ ಬಂದಾಗ ಹಸಿವಾಯಿತು. ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು.

ಇಂತಿ ನಿಮ್ಮ ತಂಗಿ,
ಗಾದೆಮ್ಮ